ನೋಡದೆ ಖಾಲಿ ಎಂದು ಬರೆದ ಮನೆ

ಶ್ರಾವಣದ ಎರಡನೇ ಶುಕ್ರವಾರ, ಬೆಳಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷ. ಸ್ಥಳ, ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನೀಲಿ ಗೇಟಿನ ಮನೆ. ಹಾಜರಿದ್ದವರು: ಆ ಮನೆಯನ್ನು ಕೊಂಡಿದ್ದ ಕಮಲಾಪುರದ ರತ್ನಾಬಾಯಿ, ಅವರ ಪಾತ್ರೆ ಸಾಮಾನು ಹೇರಿಕೊಂಡು ಬಂದಿದ್ದ ಟೆಂಪೋದ ಡ್ರೈವರ್, ಮನೆಯ ಖರೀದಿ ಪತ್ರ ಬರೆದುಕೊಟ್ಟಿದ್ದ ನಾನು.

ನನ್ನ ದಿನಚರಿಯಲ್ಲಿ ಆ ದಿನದ ಪುಟ ಹೀಗೆಯೇ ಶುರುವಾಗುತ್ತದೆ. ಉಪನೋಂದಣಿ ಕಚೇರಿಯ ಎದುರಿನ ಕೋಣೆಯಲ್ಲಿ ಕುಳಿತು ಮೂವತ್ತೆಂಟು ವರ್ಷ ನಾನು ದಸ್ತಾವೇಜು ಬರೆದೆ. ಜನ ನಮ್ಮನ್ನು ಬಾಂಡ್ ರೈಟರ್ ಎನ್ನುತ್ತಾರೆ. ದಿನ, ಗಂಟೆ, ಹಾಜರಿದ್ದವರು, ಆಡಿದ ಮಾತು, ಇಷ್ಟನ್ನು ಬರೆಯದೆ ನಾನು ಒಂದು ದಿನವೂ ಬಾಗಿಲು ಹಾಕಿದವನಲ್ಲ. ಈಗ ಕೆಲಸ ಬಿಟ್ಟಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಮನೆಗೆ ಬಂದು ಏನಾದರೂ ಹೇಳಿಕೊಡಿ ಎನ್ನುತ್ತಾರೆ. ಎಷ್ಟು ಪತ್ರ ಬರೆದೆ, ಯಾವ ಸಾಹೇಬರು ಭೇಷ್ ಎಂದರು ಎಂಬುದರಿಂದ ಅವರಿಗೆ ಉಪಯೋಗವಿಲ್ಲ. ಎಲ್ಲಿ ತಪ್ಪಿದೆ ಎಂಬುದನ್ನು ಹೇಳುತ್ತೇನೆ.

ಅಂದು ಎಂಟೂವರೆಗೆ ಹಾಲು ಉಕ್ಕಿಸುವ ಮುಹೂರ್ತ. ಪತ್ರ ರಿಜಿಸ್ಟರ್ ಆದದ್ದು ಜ್ಯೇಷ್ಠದ ಕೊನೆಗೆ. ಅದರ ಬೆನ್ನಿಗೇ ಆಷಾಢ. ಆಷಾಢದಲ್ಲಿ ಕೊಂಡ ಮನೆಯ ಹೊಸ್ತಿಲು ತುಳಿಯಬಾರದೆಂದು ರತ್ನಾಬಾಯಿ ಆ ಕಡೆಗೆ ಹೋಗಿಯೇ ಇರಲಿಲ್ಲ. ಶ್ರಾವಣ ಬಂದ ಮೇಲೆ ನನ್ನ ಕೋಣೆಗೆ ಬಂದು, “ಕಾಕಾರ, ನೀವ ಬರದ ಮನಿ, ನೀವ ಬರಬೇಕು. ಒಂದ ಕಪ್ ಹಾಲು ಕುಡದು ಹೋಗ್ರಿ,” ಎಂದು ಕರೆದಿದ್ದರು. ಅವರ ಕೈಯಲ್ಲಿ ಅರಿಸಿನದ ಬಟ್ಟೆಯಲ್ಲಿ ಸುತ್ತಿದ ಕೀಲಿಕೈ ಇತ್ತು. ಮಾರಿದವರು ಕಚೇರಿಯಲ್ಲಿ ನನ್ನ ಮುಂದೆಯೇ ಕೊಟ್ಟ ಕೀಲಿಕೈ ಅದು.

ಬಾಗಿಲಿಗೆ ಕೀಲಿ ಇರಲಿಲ್ಲ. ಬಾಗಿಲು ತೆರೆದೇ ಇತ್ತು. ಮೆಟ್ಟಿಲ ಮೇಲೆ ಇಪ್ಪತ್ತಕ್ಕೂ ಹೆಚ್ಚು ಜೋಡಿ ಚಪ್ಪಲಿಗಳು. ಒಳಗಿಂದ ಮಕ್ಕಳು ಒಂದೇ ಧ್ವನಿಯಲ್ಲಿ ಬೀಜಗಣಿತದ ಸೂತ್ರ ಹೇಳುತ್ತಿದ್ದರು. ರತ್ನಾಬಾಯಿ ಒಮ್ಮೆ ಕೀಲಿಕೈ ನೋಡಿದರು, ಒಮ್ಮೆ ಬಾಗಿಲು ನೋಡಿದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬಾತ ಕೈಯಲ್ಲಿ ಸುಣ್ಣದ ಕಡ್ಡಿ ಹಿಡಿದುಕೊಂಡೇ ಹೊರಗೆ ಬಂದ.

“ಯಾರು ಬೇಕಾಗಿತ್ರೀ?”

“ಯಾರೂ ಬೇಕಾಗಿಲ್ರೀ. ಇದು ನಮ್ಮ ಮನಿ. ಇವತ್ತ ಹಾಲು ಉಕ್ಕಸೋದದ,” ಎಂದರು ರತ್ನಾಬಾಯಿ.

“ಹೌದೇನು. ಹಂಗಾದ್ರ ಒಂಬತ್ತರ ಮ್ಯಾಲ ಬರ್ರಿ. ಈಗ ಕ್ಲಾಸ್ ನಡದದ.” ಆಮೇಲೆ ಅವರ ಮುಖ ನೋಡಿ ಗುರುತು ಹಿಡಿದ. “ಓ, ನೀವೇನು. ಅವತ್ತ ಬಂದು ಚಹಾ ಕುಡದು ಹೋದವ್ರು.”

ಆಗ ನನಗೆ ಅರ್ಧ ತಿಳಿಯಿತು. ಮನೆ ಕೊಳ್ಳುವ ಮೊದಲು ರತ್ನಾಬಾಯಿ ಒಂದು ಸಂಜೆ ಬಂದು ನೋಡಿದ್ದರು. ಮಾರುವ ಗುರುಬಸಪ್ಪನವರೇ ಕರೆತಂದು, “ನಮ್ಮವರ ಇರ್ತಾರ,” ಎಂದಿದ್ದರಂತೆ. ಮನೆಯ ಹೆಂಗಸು ಚಹಾ ಕೊಟ್ಟಿದ್ದಳಂತೆ. ಗುರುಬಸಪ್ಪನವರ ಬೀಗರೋ ಬಂಧುಗಳೋ ಇರಬೇಕೆಂದು ರತ್ನಾಬಾಯಿ ಕುಡಿದು ಬಂದಿದ್ದರು.

“ಚಹಾ ಕೊಟ್ಟವ್ರನ್ನ, ನೀವು ಈ ಮನಿಗೆ ಏನಾಗಬೇಕು ಅಂತ ಯಾರು ಕೇಳ್ತಾರ್ರೀ ಕಾಕಾರ?” ಎಂದು ಆಮೇಲೆ ನನ್ನನ್ನು ಕೇಳಿದರು. ಅವರು ಕೇಳಬೇಕಾಗಿರಲಿಲ್ಲ. ಕೇಳುವುದು ನನ್ನ ಕೆಲಸವಾಗಿತ್ತು.

ಆತನ ಹೆಸರು ಸಂಜೀವ, ಗಣಿತದ ಟ್ಯೂಷನ್ ಮಾಸ್ತರ. ಒಳಗೆ ಹೋಗಿ ಪ್ಲಾಸ್ಟಿಕ್ ಫೈಲಿನಲ್ಲಿ ಒಂದು ಕಾಗದ ತಂದ. ನಾನು ಬರೆದ ಖರೀದಿ ಪತ್ರದ ನಕಲು ಅದು. ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಯಾರಿಗಾದರೂ ಸಿಗುತ್ತದೆ. ಕಾಲಿಗೆ ಕಾಲು ಜೋಡಿಸಿ ನಿಂತು, ಪಾಠ ಓದುವ ಹಾಗೆ ಸ್ಪಷ್ಟವಾಗಿ ಓದಿದ: “ಸದರಿ ಮನೆಯ ಖಾಲಿ ಕಬ್ಜಾ ಇಂದೇ ಖರೀದಿದಾರರಿಗೆ ಒಪ್ಪಿಸಿರುತ್ತೇನೆ.”

ಕಾಗದ ಮಡಿಸಿದ. “ಖಾಲಿ ಅಂತ ಬರದಾರ. ಒಳಗ ನಾನು, ನನ್ನ ಹೆಂಡ್ತಿ, ಎರಡು ಮಕ್ಕಳು, ಮತ್ತ ಇಷ್ಟು ಹುಡುಗ್ರು ಇದ್ದೀವಿ. ಅಂದಮ್ಯಾಲ ನೀವು ಖರೀದಿ ಮಾಡಿದ್ದು ಈ ಮನಿ ಅಲ್ಲ. ನಿಮ್ಮ ಖಾಲಿ ಮನಿ ಬ್ಯಾರೆ ಎಲ್ಲೋ ಅದ, ಹುಡುಕ್ರಿ. ಇದನ್ನ ಬರದಾಂವ ಭಾಳ ಶಾಣ್ಯಾ ಇದ್ದಂಗ ಕಾಣ್ತದ.”

ಬರೆದವನು ಆತನಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ಪುಟದ ಕೆಳಗೆ ನನ್ನ ಸಹಿ, ಲೈಸೆನ್ಸ್ ನಂಬರು ಎರಡೂ ಇದ್ದವು.

“ಕಾಕಾರ, ಇವ್ರು ಏನು ಅನ್ನಾಕತ್ತಾರ?” ಎಂದರು ರತ್ನಾಬಾಯಿ.

ಅವರು ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ಬಾಡಿಗೆ ಜಾಗದಲ್ಲಿ ಖಾನಾವಳಿ ನಡೆಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಪಾಲಿಗೆ ಬಂದ ಕೆಂಪು ಬಾಳೆಯ ತೋಟ ಮಾರಿ ಈ ಮನೆ ಕೊಂಡಿದ್ದರು. ಮುಂದಿನ ಕೋಣೆಯಲ್ಲಿ ಖಾನಾವಳಿ, ಹಿಂದೆ ವಾಸ, ಇದು ಅವರ ಲೆಕ್ಕ. ಹಿಂದಿನ ದಿನ ಸಂಜೆಯಷ್ಟೇ ಕಮಲಾಪುರದ ಜಾಗದ ಕೀಲಿಕೈ ಅದರ ಮಾಲೀಕರಿಗೆ ತಿರುಗಿ ಕೊಟ್ಟು ಬಂದಿದ್ದರು. ಟೆಂಪೋದಲ್ಲಿ ಇದ್ದದ್ದು ಅವರ ಇಡೀ ಸಂಸಾರ. ಇಳಿಸಲು ಜಾಗವಿರಲಿಲ್ಲ.

ಇಲ್ಲಿ ನನ್ನ ಉಸ್ತಾದರ ಮಾತು ಬರಬೇಕು. ನನಗೆ ಕೆಲಸ ಕಲಿಸಿದವರು ಮಹಬೂಬ ಅಲಿ ಸಾಹೇಬರು. ಕಲಬುರಗಿಯ ರೋಜಾ ಬಡಾವಣೆಯ ಹತ್ತಿರ ಅವರ ಮನೆ. ನಿಜಾಮರ ಕಾಲದ ಉರ್ದು ಕಾಗದಗಳನ್ನು ಸಲೀಸಾಗಿ ಓದುತ್ತಿದ್ದರು. ನಮ್ಮ ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಉಸ್ತಾದರ ಮುಂದೆ ಉರ್ದು, ಹೀಗೆ ನಾನು ಮೂರು ಭಾಷೆಯಲ್ಲಿ ಬೈಸಿಕೊಂಡು ಕಲಿತವನು. ಅವರು ಬೆಳಗ್ಗೆ ಒಂಬತ್ತಕ್ಕೆ ಬರುತ್ತಿದ್ದರು. ಒಂಬತ್ತು ಐದಕ್ಕೆ ನಾನು ಹೋದರೆ, “ಆಯಿಯೇ ನವಾಬ ಸಾಹೇಬ,” ಎಂದು ಎದ್ದು ನಿಂತು ತಮ್ಮ ಕುರ್ಚಿ ತೋರಿಸುತ್ತಿದ್ದರು. ಎರಡು ಸಲ ಹಾಗಾದ ಮೇಲೆ ನಾನು ಜನ್ಮದಲ್ಲಿ ತಡ ಮಾಡಲಿಲ್ಲ.

ಅವರ ನಿಯಮ ಎರಡು. ಒಂದು, ಮನೆಯ ಪತ್ರವಾದರೆ ಬರೆಯುವ ಮೊದಲು ಹೋಗಿ ಹೊಸ್ತಿಲ ಮುಂದೆ ನಿಲ್ಲಬೇಕು. ಒಳಗೆ ಯಾರಿದ್ದರೂ ಮೂರು ಪ್ರಶ್ನೆ ಕೇಳಬೇಕು. ನೀವು ಯಾರು? ಈ ಮನೆ ಯಾರದು? ಎಂದಿನಿಂದ, ಯಾವ ಸಂಬಂಧದಿಂದ ಇಲ್ಲಿ ಇದ್ದೀರಿ? ಉತ್ತರ ಅಲ್ಲಿಯೇ ಬರೆದುಕೊಳ್ಳಬೇಕು. ಎರಡು, ಬರೆದ ಪತ್ರವನ್ನು ಸಹಿಗೆ ಮೊದಲು ಮಾರುವವರಿಗೂ ಕೊಳ್ಳುವವರಿಗೂ ಜೋರಾಗಿ ಓದಿ ಹೇಳಬೇಕು.

ಒಮ್ಮೆ ಕೋಟೆಯ ಹತ್ತಿರದ ಒಂದು ಮನೆಯ ಪತ್ರಕ್ಕಾಗಿ ಹೋದಾಗ ಒಳಗೆ ಒಬ್ಬ ಮುದುಕಿ ಅಕ್ಕಿ ಆರಿಸುತ್ತ ಕೂತಿದ್ದಳು. ಮಾರುವವನು ಮನೆ ಖಾಲಿ ಎಂದಿದ್ದ. ಉಸ್ತಾದರು ಮೂರು ಪ್ರಶ್ನೆ ಕೇಳಿದರು. ಮುದುಕಿ ತಾನು ಬಾಡಿಗೆಗೆ ಇದ್ದೇನೆಂದು, ಯಾರ ಮನೆಯೆಂದು ಎಲ್ಲ ಹೇಳಿದಳು. ಮಾರುವವನು, “ಅಕೀ ಇವತ್ತ ನಾಳೆ ಹೋಗ್ತಾಳ್ರೀ,” ಎಂದ. ಉಸ್ತಾದರು ಪೆನ್ನು ಜೇಬಿಗೆ ಹಾಕಿ, “ನಾನೂ ಇವತ್ತ ನಾಳೆ ಬರೀತೀನಿ,” ಎಂದು ಹೊರಟೇಬಿಟ್ಟರು. ಕೊಳ್ಳುವವನು ಬಂದು ಮುದುಕಿಯೊಡನೆ ಕೂತು ಮಾತಾಡಿ, ಆಕೆ ಇರುವುದನ್ನು ಪತ್ರದಲ್ಲಿ ಸೇರಿಸಿದ ಮೇಲೆಯೇ ಅವರ ಪೆನ್ನು ಹೊರಗೆ ಬಂದದ್ದು.

ಕೈಯಿಂದ ಬರೆಯುವಾಗ ‘ಕಬ್ಜಾ’, ಅಂದರೆ ಸ್ವಾಧೀನ, ಎಂಬ ಶಬ್ದ ಬಂದಲ್ಲಿ ನನ್ನ ಕೈ ತಾನಾಗಿ ನಿಲ್ಲುತ್ತಿತ್ತು. ಟೈಪ್ ಯಂತ್ರ ಬಂದಾಗಲೂ ನಿಲ್ಲುತ್ತಿತ್ತು, ಅಕ್ಷರ ಅಕ್ಷರವಾಗಿ ಬಡಿಯಬೇಕಲ್ಲ. ಕಂಪ್ಯೂಟರ್ ಬಂದ ಮೇಲೆ ಒಂದು ಪತ್ರ ತಯಾರಿದ್ದರೆ ಸಾಕು. ಹೆಸರು, ನಂಬರು, ಅಳತೆ ಬದಲಿಸಿದರೆ ಮುಂದಿನದು ಆಯಿತು. ‘ಖಾಲಿ ಕಬ್ಜಾ’ ಮೊದಲೇ ಅಲ್ಲಿ ಕೂತಿರುತ್ತದೆ. ಅದನ್ನು ಯಾರೂ ಬರೆಯುವುದಿಲ್ಲ, ಯಾರೂ ಅಳಿಸುವುದೂ ಇಲ್ಲ. ಆಮೇಲೆ ಕಚೇರಿಯಲ್ಲಿ ಗಂಟೆ ನಿಮಿಷ ಗೊತ್ತುಮಾಡಿ ಕರೆಯುವ ಪದ್ಧತಿ ಬಂತು. ನಮ್ಮ ಸರದಿ ತಪ್ಪೀತೆಂದು ಓದಿ ಹೇಳುವುದನ್ನೂ ಬಿಟ್ಟೆ. ಮನೆ ನೋಡಲು ಹೋಗುವುದನ್ನು ಅದಕ್ಕೂ ಮೊದಲೇ ಬಿಟ್ಟಿದ್ದೆ. ಯಾವ ದಿನ ಬಿಟ್ಟೆ ಎಂದು ದಿನಚರಿಯಲ್ಲಿ ಹುಡುಕಿದ್ದೇನೆ, ಸಿಗಲಿಲ್ಲ.

ಜೇವರ್ಗಿ ಕಾಲೋನಿಗೆ ತಿರುಗಿ ಬರುತ್ತೇನೆ. ಅಲ್ಲಿ ನಿಂತಿದ್ದಾಗ ನನಗೆ ಹೊಳೆದದ್ದು ಉಸ್ತಾದರ ಪ್ರಶ್ನೆಗಳು ಮಾತ್ರ. ಒಂದೂವರೆ ತಿಂಗಳು ತಡವಾಗಿ ಕೇಳಿದೆ. ಚೀಲದಿಂದ ದಿನಚರಿ ತೆಗೆದು, “ನೀವು ಯಾರು?” ಎಂದೆ.

“ಹೇಳಿದ್ನಲ್ರೀ, ಸಂಜೀವ, ಗಣಿತದ ಮಾಸ್ತರ.”

“ಈ ಮನೆ ಯಾರದು?”

ಮಾಸ್ತರ ನಕ್ಕ. “ಕಮಲಾಪುರದ ಗುರುಬಸಪ್ಪ ಸಾವಕಾರ್ರದು. ಈ ಬಾಯಿಯವ್ರದಂತೂ ಅಲ್ಲ.”

“ಎಂದಿನಿಂದ, ಯಾವ ಸಂಬಂಧದಿಂದ ಇದ್ದೀರಿ?”

“ಆರು ವರ್ಷ ಆತು, ಅವ್ರ ಕಡೆ ಬಾಡಿಗಿ ಇದ್ದೀನಿ. ಬರ್ಕೊಳ್ರಿ, ಬರ್ಕೊಳ್ರಿ. ಈ ಸಲನಾದ್ರೂ ಶುದ್ಧ ಬರೀರಿ.”

ನಾನು ಯಾರೆಂದು ಆತನಿಗೆ ಆಗಲೇ ತಿಳಿದಿತ್ತು. ನಾನು ಶುದ್ಧವಾಗಿ ಬರೆದೆ. ಮಕ್ಕಳನ್ನು ಕರೆದೊಯ್ಯಲು ಮೊದಲೇ ಬಂದಿದ್ದ ಇಬ್ಬರು ತಂದೆಯರೂ ಟೆಂಪೋ ಡ್ರೈವರನೂ ಕೇಳಿಸಿಕೊಂಡಿದ್ದರು. ಅವರ ಸಹಿ ಹಾಕಿಸಿಕೊಂಡೆ.

ಅಷ್ಟರಲ್ಲಿ ರತ್ನಾಬಾಯಿ ಟೆಂಪೋದಿಂದ ಸ್ಟೋವ್ ಇಳಿಸಿ ಹೊರಗಿನ ಕಟ್ಟೆಯ ಮೇಲೆ ಇಟ್ಟಿದ್ದರು. ಹಾಲಿನ ಪಾತ್ರೆ ಏರಿಸಿದ್ದರು.

“ಇಲ್ಲೇನು ಮಾಡಾಕತ್ತೀರಿ?” ಎಂದ ಮಾಸ್ತರ.

“ಎಂಟೂವರಿ ಆತ್ರೀ. ಮುಹೂರ್ತ ನಿಮ್ಮ ಕ್ಲಾಸ್ ಮುಗಿಯೋ ತನಕ ನಿಲ್ಲಂಗಿಲ್ಲ.”

ಹಾಲು ಉಕ್ಕಿ ಕಟ್ಟೆಯ ಮೇಲೆ ಹರಿಯಿತು. ಅವರು ಕೈ ಮುಗಿದು, ಉಳಿದ ಹಾಲನ್ನು ಲೋಟಗಳಿಗೆ ಬಗ್ಗಿಸಿ, ಗದ್ದಲ ಕೇಳಿ ಹೊರಗೆ ಬಂದಿದ್ದ ಮಕ್ಕಳಿಗೆ ಕೊಟ್ಟರು. ತಮ್ಮ ತೋಟದ ಕೊನೆಯ ಗೊನೆಯಿಂದ ಒಂದೊಂದು ಕೆಂಪು ಬಾಳೆಹಣ್ಣನ್ನೂ ಕೊಟ್ಟರು. ಮಾಸ್ತರನಿಗೂ ಒಂದು ಲೋಟ ಹಿಡಿದರು. “ನಿಮ್ಮ ಚಹಾದ ಋಣ ಬ್ಯಾಡ್ರೀ ನನಗ,” ಎಂದರು. ಆತ ಲೋಟ ಹಿಡಿದುಕೊಂಡು ಏನು ಮಾಡುವುದೆಂದು ತಿಳಿಯದೆ ನಿಂತ. ಅವರು ತಿರುಗಿ ಟೆಂಪೋ ಹತ್ತಿದರು.

ಸಾಮಾನನ್ನು ನನ್ನ ಕೋಣೆಯಲ್ಲಿ ಇಳಿಸಿ ಇಬ್ಬರೂ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆವು. ಗುರುಬಸಪ್ಪನವರು ಬಟ್ಟೆ ಅಂಗಡಿಯವರು, ನನ್ನ ವಯಸ್ಸಿನವರು, ಹಳೆಯ ಪರಿಚಯ. ದಾರಿಯುದ್ದಕ್ಕೂ ಅವರಿಗೆ ಏನೇನು ಅನ್ನಬೇಕೆಂದು ಒಂದು, ಎರಡು, ಮೂರು ಎಂದು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಮೋಸ ಮಾಡಿದವರು ಅವರು, ಮೋಸ ಹೋದವರು ನಾವು, ಇದರಲ್ಲಿ ನನಗೆ ಸಂಶಯವಿರಲಿಲ್ಲ. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಅಂಗಡಿಯ ಗಾದಿಯ ಮೇಲೆ ಕೂತೆವು.

ಗುರುಬಸಪ್ಪನವರು ರತ್ನಾಬಾಯಿಯ ಮುಖ ನೋಡಲಿಲ್ಲ. “ಇನ್ನೂ ಬಿಟ್ಟಿಲ್ಲೇನು ಅಂವ?” ಎಂದರು. “ಆಷಾಢ ಮುಗಿಯೂದ್ರಾಗ ಬಿಡ್ತೀನಿ ಅಂದಿದ್ದ. ನಾಕು ವರ್ಷ ಆತವ್ವಾ, ಒಂದು ರೂಪಾಯಿ ಬಾಡಿಗಿ ಕೊಟ್ಟಿಲ್ಲ. ಕೇಳಾಕ ಹೋದ್ರ ಕುಂದರಸಿ ಚಹಾ ಕೊಡ್ತಾನ. ಎಷ್ಟು ಸಲ ಹೋಗೀನಿ, ಅಷ್ಟು ಕಪ್ ಚಹಾ ಕುಡದು ಬಂದೀನಿ. ಸಾಕಾಗಿ ಮಾರಿದೆ.”

“ಸಾಕಾಗಿದ್ದನ್ನ ನನ್ನ ಕೊರಳಿಗೆ ಕಟ್ಟಿದ್ರಿ,” ಎಂದರು ರತ್ನಾಬಾಯಿ. “ಒಂದ ಮಾತು ಬಾಯಿಬಿಟ್ಟು ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ರೀ?”

“ಹೇಳೀನವ್ವಾ.”

“ಯಾರಿಗೆ?”

ಅವರು ನನ್ನ ಕಡೆ ಬೆರಳು ತೋರಿಸಿದರು. “ಮಾಧವರಾಯರಿಗೆ ಹೇಳೀನಿ. ಅವತ್ತ ನೀ ಇನ್ನೂ ಬಂದಿರಲಿಲ್ಲ. ಮನ್ಯಾಗ ಬಾಡಿಗಿ ಮಂದಿ ಇದ್ದಾರ ಅಂತ ಹೇಳೀನಿ. ಇವರಿಗೆ ಹೇಳಿದ್ರ ಕಾಗದಕ್ಕ ಹೇಳಿದಂಗ ಅಂತ ನಾ ಸುಮ್ಮನಾದೆ. ನಮ್ಮಪ್ಪನ ಕಾಲದಿಂದ ಹಂಗ ಅಲ್ಲೇನ್ರೀ ರಾಯರ? ಬರಿಯೋರಿಗೆ ಒಮ್ಮೆ ಹೇಳಿದ್ರ ಅವರು ಎರಡೂ ಕಡೆ ಓದಿ ಹೇಳ್ತಾರ.”

ಇಲ್ಲ, ನೀವು ಹೇಳಿಲ್ಲ ಎಂದೆ. ಗಟ್ಟಿಯಾಗಿಯೇ ಎಂದೆ.

“ನಾ ಹೇಳುವಾಗ ನೀವು ಆ ಬುಕ್ಕಿನ್ಯಾಗ ಬರ್ಕೋಳಾಕತ್ತಿದ್ರಿ,” ಎಂದರು ಅವರು. “ತಗೀರಲ್ಲ. ಚೀಲದಾಗ ಅದಲ್ಲ.”

ತೆಗೆದೆ. ಜ್ಯೇಷ್ಠದ ಆ ದಿನದ ಪುಟ ತಿರುವಿದೆ. ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಹಾಜರು: ಮಾರುವವರಾದ ಗುರುಬಸಪ್ಪ. ಅದರ ಕೆಳಗೆ ನನ್ನದೇ ದುಂಡು ಅಕ್ಷರಗಳಲ್ಲಿ ಹೀಗಿತ್ತು: ‘ಮನೆಯಲ್ಲಿ ಬಾಡಿಗೆದಾರರು ಇದ್ದಾರೆ, ಆಷಾಢದೊಳಗೆ ಬಿಡುತ್ತಾರೆ ಎಂದರು. ಕೊಳ್ಳುವವರು ಇನ್ನೂ ಬಂದಿಲ್ಲ.’ ಅದರ ಕೆಳಗೆ: ‘ಹನ್ನೊಂದು ಗಂಟೆ. ಸರದಿ ಬಂತು. ಸಹಿ ಆಯಿತು.’

ಕೆಲಸದ ಅಷ್ಟೂ ವರ್ಷಗಳಲ್ಲಿ ನನಗೆ ಅಂಥ ಆಘಾತ ಆಗಿರಲಿಲ್ಲ. ಸುಳ್ಳು ಸಾಕ್ಷಿಗಳನ್ನು ಕಂಡಿದ್ದೆ, ಸತ್ತವರ ಹೆಬ್ಬೆಟ್ಟು ತಂದವರನ್ನು ಕಂಡಿದ್ದೆ. ಅವರೆಲ್ಲ ಬೇರೆಯವರು. ಇಲ್ಲಿ ನನ್ನ ಬಲಗೈ ಒಂದು ಪುಸ್ತಕದಲ್ಲಿ ಜನ ಇದ್ದಾರೆ ಎಂದು ಬರೆದು, ಇಪ್ಪತ್ತು ನಿಮಿಷದಲ್ಲಿ ಖಾಲಿ ಎಂದಿರುವ ಕಾಗದಕ್ಕೆ ಸಹಿ ಮಾಡಿತ್ತು. ನಡುವೆ ನನಗೆ ಏನೂ ಅನ್ನಿಸಿರಲಿಲ್ಲ. ದಿನಚರಿ ಬರೆಯುವುದೂ ನನಗೆ ಬರೀ ರೂಢಿಯಾಗಿತ್ತು, ಬರೆದದ್ದನ್ನು ನಾನು ಓದುತ್ತಿರಲಿಲ್ಲ.

ರತ್ನಾಬಾಯಿಗೆ ಓದು ಅಷ್ಟಾಗಿ ಬಾರದು. “ಏನದ ಕಾಕಾರ ಅದ್ರಾಗ?” ಎಂದರು.

ಆ ಪುಸ್ತಕ ನನ್ನ ಕೈಯಲ್ಲಿತ್ತು. ಗುರುಬಸಪ್ಪನವರು ಕೂತಲ್ಲಿಂದ ಅಕ್ಷರ ಕಾಣುತ್ತಿರಲಿಲ್ಲ. ಏನೂ ಇಲ್ಲ ಎಂದು ಮುಚ್ಚಬಹುದಿತ್ತು. ಆ ಯೋಚನೆ ಬಂತು, ಬರಲಿಲ್ಲ ಎನ್ನುವುದಿಲ್ಲ. ಆಮೇಲೆ ಜೋರಾಗಿ ಓದಿದೆ, ಉಸ್ತಾದರು ಓದಿಸುತ್ತಿದ್ದ ಹಾಗೆ, ಅಂಗಡಿಯ ಗಿರಾಕಿಗಳಿಗೂ ಕೇಳುವಂತೆ.

ರತ್ನಾಬಾಯಿ ಸೆರಗಿನಿಂದ ಮುಖ ಒರಸಿಕೊಂಡು, “ನಿಮ್ಮನ್ನ ನಾ ಹಾಲು ಕುಡಿಯಾಕ ಕರದಿದ್ದೆ,” ಎಂದರು. ಅದಕ್ಕಿಂತ ದೊಡ್ಡ ಬೈಗುಳ ನಾನು ಕೇಳಿಲ್ಲ.

ಉಳಿದದ್ದು ಕೆಲಸ. ತಿದ್ದುಪಡಿ ಪತ್ರವಾಗಬೇಕು, ಅದಕ್ಕೆ ಗುರುಬಸಪ್ಪನವರ ಸಹಿ ಬೇಕು. ಅವರು ಹಿಂದೆಮುಂದೆ ನೋಡಿದರು. “ನಾಳೆ ಇಕೀ ರೊಕ್ಕ ತಿರುಗಿ ಕೊಡು ಅಂದ್ರ?” ಎಂದರು.

“ರೊಕ್ಕ ಬ್ಯಾಡ. ಮನಿ ಬೇಕು,” ಎಂದರು ರತ್ನಾಬಾಯಿ.

ತಪ್ಪು ಬರಹಗಾರನದು ಎಂದು ಪತ್ರದಲ್ಲೇ ಬರೆಯುತ್ತೇನೆ ಎಂದೆ. ಇಂಥ ಪತ್ರಗಳಲ್ಲಿ ‘ಕಣ್ತಪ್ಪಿನಿಂದ’ ಎಂದು ಹಾಕುವ ರೂಢಿ ಇದೆ. ಅದನ್ನು ಹಾಕಲಿಲ್ಲ. ಮಾರುವವರು ಬಾಡಿಗೆದಾರರು ಇರುವುದನ್ನು ತಿಳಿಸಿದ್ದರೂ ಬರಹಗಾರನು ಮನೆಯನ್ನು ನೋಡದೆ, ಪತ್ರವನ್ನು ಓದಿ ಹೇಳದೆ ಖಾಲಿ ಎಂದು ನಮೂದಿಸಿದನು, ವಾಸವಿರುವ ಬಾಡಿಗೆದಾರನ ಮೇಲಿನ ಎಲ್ಲ ಹಕ್ಕು ಇನ್ನು ಖರೀದಿದಾರರದು, ಎಂದು ಕೈಯಿಂದಲೇ ಕರಡು ಬರೆದೆ. ಎರಡು ಸಲ ಓದಿ ಹೇಳಿದೆ. ಗುರುಬಸಪ್ಪನವರು ಕರಡಿನ ಕೆಳಗೆ ಒಪ್ಪಿಗೆಯ ಸಹಿ ಹಾಕಿದರು. ರಿಜಿಸ್ಟರ್ ಆದದ್ದು ಮುಂದಿನ ವಾರ.

ಮುಂದೇನಾಯಿತು ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮನೆ ಸಿಗಲು ಇನ್ನೂ ಮೂರು ಶ್ರಾವಣ ಬರಬೇಕಾಯಿತು. ರತ್ನಾಬಾಯಿ ದಾವೆ ಹೂಡಿದಾಗ ಕೋರ್ಟಿನಲ್ಲಿ ಮಾಸ್ತರ ತಾನು ಯಾರ ಬಾಡಿಗೆದಾರನೂ ಅಲ್ಲ ಎಂದ. ಆಗ ಹೊಸ್ತಿಲಲ್ಲಿ ಬರೆದುಕೊಂಡ ಮೂರು ಉತ್ತರಗಳು ಹೊರಗೆ ಬಂದವು. ಸಹಿ ಹಾಕಿದ್ದ ತಂದೆಯೊಬ್ಬರು ಬಂದು ಹೌದು ಎಂದರು. ಮಾಸ್ತರನ ವಕೀಲರು ನನ್ನನ್ನು ಸಾಕ್ಷಿ ಕಟಕಟೆಯಲ್ಲಿ ನಿಲ್ಲಿಸಿ, “ಮನೆ ನೋಡದೆ ಬರೆದಿರೇನು?” ಎಂದರು. ಹೌದು ಎಂದೆ. “ಗೊತ್ತಿದ್ದೂ ಬರೆದಿರೇನು?” ಹೌದು ಎಂದೆ. ಹಿಂದೆ ನನ್ನ ಜೊತೆಯ ಬರಹಗಾರರು ಕೇಳುತ್ತ ಕೂತಿದ್ದರು. ನೋಂದಣಿ ಅಧಿಕಾರಿಯಾಗಿದ್ದ ಮೇಡಂ ಆರು ತಿಂಗಳು ನನ್ನ ಲೈಸೆನ್ಸ್ ತಡೆಹಿಡಿದರು. “ನಿಮ್ಮಂಥ ಹಿರಿಯರೇ ಹೀಗೆ ಮಾಡಿದರೆ,” ಎಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಪೂರ್ತಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಮೂರು ವರ್ಷ ರತ್ನಾಬಾಯಿಯ ಖಾನಾವಳಿ ನಡೆದದ್ದು ನನ್ನ ಕೋಣೆಯ ಅರ್ಧ ಭಾಗದಲ್ಲಿ. ಈ ಕಡೆ ನಾನು ಪತ್ರ ಬರೆಯುತ್ತಿದ್ದೆ, ಆ ಕಡೆ ಜೋಳದ ರೊಟ್ಟಿ ಬಡಿಯುವ ಸದ್ದು. ಪುಂಡಿಪಲ್ಯದ ಕಲೆಯಿಲ್ಲದ ಪತ್ರ ಆ ಕಾಲದಲ್ಲಿ ನನ್ನ ಕೈಯಿಂದ ಹೊರಗೆ ಹೋದದ್ದು ಕಡಿಮೆ. ಆ ಮೂರು ವರ್ಷದಲ್ಲಿ, ಆಮೇಲೂ, ಹೊಸ್ತಿಲ ಮುಂದೆ ನಿಲ್ಲದೆ ನಾನು ಒಂದು ಮನೆಯ ಪತ್ರವನ್ನೂ ಬರೆಯಲಿಲ್ಲ. ಹೊಸಬರು ಕೇಳಿದರೆ ಹೇಳುವುದು ಇದನ್ನೇ: ತಯಾರಿದ್ದ ಪತ್ರವನ್ನು ಕಂಪ್ಯೂಟರಿನಲ್ಲಿ ತೆರೆದ ಕೂಡಲೇ ಮೊದಲು ‘ಖಾಲಿ’ ಎಂಬುದನ್ನು ಅಳಿಸಿ. ಹೋಗಿ ನೋಡಿ ಬಂದ ಮೇಲೆ ಬೇಕಾದರೆ ಬರೆಯಿರಿ.

ಆ ಶುಕ್ರವಾರ ಕಮಲಾಪುರದಿಂದ ತಿರುಗಿ ಬಂದಾಗ ಸಂಜೆ ಆರು ಗಂಟೆ. ಕೋಣೆಯ ತುಂಬ ಪಾತ್ರೆಗಳು. ರತ್ನಾಬಾಯಿ ಮೇಜಿನ ಆಚೆ ಸ್ವಲ್ಪ ಜಾಗ ಮಾಡಿಕೊಂಡು ಸ್ಟೋವ್ ಹಚ್ಚಿದರು. ನಾನು ದಿನಚರಿ ತೆರೆದು ಬೆಳಗಿನಿಂದ ನಡೆದದ್ದನ್ನು ಗಂಟೆಯ ಪ್ರಕಾರ ಬರೆದೆ. ಮುಚ್ಚುವ ಹೊತ್ತಿಗೆ ಅವರು, ತಿರುಗಿ ನೋಡದೆಯೇ, “ಏನು ಬರದ್ರಿ, ಓದ್ರಿ,” ಎಂದರು.

ಓದಿದೆ. ಕೊನೆಯ ಸಾಲು ಹೀಗಿತ್ತು: ‘ಜೇವರ್ಗಿ ಕಾಲೋನಿಯ ಮನೆ ಖಾಲಿ ಇಲ್ಲ. ಮಾಲೀಕರು ರತ್ನಾಬಾಯಿ. ನಾನೇ ಹೋಗಿ ನೋಡಿದ್ದೇನೆ.’

“ಇನ್ನೊಮ್ಮೆ ಓದ್ರಿ,” ಎಂದರು.

ಇನ್ನೊಮ್ಮೆ ಓದಿದೆ. ಸಹಿ ಹಾಕಿದೆ. ಗಂಟೆ ಬರೆದೆ: ಆರು ಐವತ್ತು. ಅವರು ರೊಟ್ಟಿಯ ತಟ್ಟೆಯನ್ನು ಮೇಜಿನ ಮೇಲೆ ತಂದಿಟ್ಟರು, ದಿನಚರಿಯ ಪಕ್ಕಕ್ಕೆ.